ಕುರಿ ಮೇಯುವ ನೆಲದಲ್ಲಿ ಕಾರ್ಬನ್ ಬೆಳೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಬರ್ಕ್, ಕೋಬಾರ್ ಎಂಬ ಎರಡು ಸಣ್ಣ ಪಟ್ಟಣಗಳಿವೆ. ಅಲ್ಲಿಂದ ಉತ್ತರಕ್ಕೆ ಹೋಗಿ ರಾಜ್ಯದ ಗಡಿ ದಾಟಿದರೆ ಕ್ವೀನ್ಸ್‌ಲ್ಯಾಂಡಿನ ಕನ್ನಮುಲ್ಲ, ಚಾರ್ಲ್‌ವಿಲ್ ಸಿಗುತ್ತವೆ. ಕೆಂಪು ಮಣ್ಣು, ಬಿರುಬಿಸಿಲು, ವರ್ಷಕ್ಕೆ 300ರಿಂದ 500 ಮಿಲಿಮೀಟರ್ ಮಳೆ. ಆ ಮಳೆಯೂ ಬಂದರೆ ಬಂತು. ಉಳುಮೆಗೆ ಒದಗದ ಈ ಸೀಮೆಯಲ್ಲಿ ಜನ ನೂರೈವತ್ತು ವರ್ಷಗಳಿಂದ ಕುರಿ, ದನ ಮೇಯಿಸಿಕೊಂಡು ಬಂದಿದ್ದಾರೆ. ಒಂದೊಂದು ಕುಟುಂಬದ ಹಿಡುವಳಿ ಹತ್ತು ಸಾವಿರ ಹೆಕ್ಟೇರ್ ದಾಟುವುದು ಅಲ್ಲಿ ಸಾಮಾನ್ಯ. ಅಷ್ಟು ನೆಲವಿದ್ದರೂ ಬರ ಬಂದ ವರ್ಷ ಕೈಯಲ್ಲಿ ಕಾಸಿರುವುದಿಲ್ಲ.

ಈ ಸೀಮೆಗೆ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇನ್ನೊಂದು ಆದಾಯ ಬಂದು ಸೇರಿತು. ಗುಂಡಿ ತೋಡುವುದಿಲ್ಲ, ಸಸಿ ನೆಡುವುದಿಲ್ಲ, ನೀರು ಹಾಕುವುದಿಲ್ಲ. ನೆಲದಲ್ಲೇ ಇರುವ ಬೀಜ ಮತ್ತು ಬೊಡ್ಡೆಗಳಿಂದ ನಾಡಮರಗಳು ತಾವಾಗಿ ಎದ್ದುಬರಲು ಬಿಡಬೇಕು. ಆ ಮರಗಳು ಹೀರಿಕೊಂಡ ಒಂದೊಂದು ಟನ್ ಇಂಗಾಲದ ಡೈ ಆಕ್ಸೈಡಿಗೆ ಸರ್ಕಾರ ಒಂದೊಂದು ಕಾರ್ಬನ್ ಕ್ರೆಡಿಟ್ ಕೊಡುತ್ತದೆ. ಅದನ್ನು ಸರ್ಕಾರಕ್ಕೇ ಮಾರಬಹುದು, ಇಲ್ಲವೇ ತನ್ನ ಹೊಗೆಯ ಲೆಕ್ಕ ಸರಿದೂಗಿಸಬೇಕಾದ ಕಾರ್ಖಾನೆಗೆ, ಗಣಿಗೆ ಮಾರಬಹುದು. ಹೀಗೆ ನೋಂದಣಿಯಾದ ಯೋಜನೆಗಳು ಹರಡಿರುವ ಒಟ್ಟು ನೆಲ ಸುಮಾರು 4.2 ಕೋಟಿ ಹೆಕ್ಟೇರ್. ಇಡೀ ಕರ್ನಾಟಕದ ವಿಸ್ತೀರ್ಣವೇ ಎರಡು ಕೋಟಿ ಹೆಕ್ಟೇರಿಗೆ ಸ್ವಲ್ಪ ಕಡಿಮೆ. ಆದರೆ ಆ 4.2 ಕೋಟಿಯಲ್ಲಿ ಕ್ರೆಡಿಟ್ ಲೆಕ್ಕಕ್ಕೆ ಬರುವುದು ಸಣ್ಣ ಪಾಲು ಮಾತ್ರ. ಉಳಿದದ್ದು ಯೋಜನೆಯ ಗಡಿಯೊಳಗೆ ಸುಮ್ಮನೆ ಸೇರಿಕೊಂಡಿರುವ ಮೇವಿನ ಬಯಲು.

ಕರ್ನಾಟಕದ ಒಣಭೂಮಿಯ ರೈತರ ಬಾಗಿಲಿಗೂ ಈಗ ಕಾರ್ಬನ್ ಕಂಪನಿಗಳ ಪ್ರತಿನಿಧಿಗಳು ಬರತೊಡಗಿದ್ದಾರೆ. ಆಸ್ಟ್ರೇಲಿಯಾದವರು ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದು, ಗಳಿಸಿ, ಎಡವಿ, ಜಗಳವಾಡಿ, ನಿಯಮ ತಿದ್ದಿಕೊಂಡಿದ್ದಾರೆ. ಹೆಬ್ಬೆಟ್ಟು ಒತ್ತುವ ಮೊದಲು ಅವರ ಅನುಭವ ತಿಳಿದಿರುವುದು ಲೇಸು.

ಮುಲ್ಗಾ ಎಂಬ ಜಾಲಿ

ಅಲ್ಲಿನ ಮುಖ್ಯ ಮರ ಮುಲ್ಗಾ. ಸಸ್ಯಶಾಸ್ತ್ರದ ಹೆಸರು ಅಕೇಸಿಯಾ ಅನ್ಯೂರಾ. ಮಲೆನಾಡಿನಲ್ಲಿ ಅರಣ್ಯ ಇಲಾಖೆ ನೆಟ್ಟ ಅಕೇಶಿಯಾಕ್ಕೆ ಇದು ಬಳಗ, ಆದರೆ ಅದರ ಹಾಗೆ ಸರಸರ ಬೆಳೆಯುವ ಜಾತಿಯಲ್ಲ. ಬಿಸಿಲಿಗೆ ಎಲೆ ಕಡಿಮೆ ತೋರಿಸಿ, ರೆಂಬೆಗಳನ್ನು ಮೇಲ್ಮುಖವಾಗಿ ಚಾಚಿ ನಿಲ್ಲುತ್ತದೆ. ಬಿದ್ದ ನಾಲ್ಕು ಹನಿ ರೆಂಬೆಯಿಂದ ಕಾಂಡಕ್ಕೆ, ಕಾಂಡದಿಂದ ಬುಡಕ್ಕೆ ಇಳಿಯುವ ಹಾಗೆ ಅದರ ಮೈಕಟ್ಟು. ಬರಗಾಲದಲ್ಲಿ ಅಲ್ಲಿನ ಕುರಿಗಾರರು ಮುಲ್ಗಾ ಕೊಂಬೆ ಕಡಿದು, ಬುಲ್ಡೋಜರಿನಿಂದ ಮರವನ್ನೇ ಕೆಡವಿ ಮಂದೆಗೆ ಹಾಕುತ್ತಾರೆ. ತುಮಕೂರು, ಚಿತ್ರದುರ್ಗದ ಕಡೆ ಬೇಸಿಗೆಯಲ್ಲಿ ಕಮರದ ಸೊಪ್ಪು ತರಿದು ಹಾಕುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಮುಲ್ಗಾ ಸೊಪ್ಪಿನಲ್ಲಿ ಒಗರು ಹೆಚ್ಚು. ಬರೀ ಅದನ್ನೇ ತಿಂದ ಕುರಿ ಬದುಕಿಕೊಳ್ಳುತ್ತದೆ, ಮೈ ಹಿಡಿಯುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಸೀಮೆಯ ಮೇಲೆ ಮಿತಿಮೀರಿ ಕುರಿ ತುಂಬಿದರು. ಯುರೋಪಿನಿಂದ ತಂದ ಮೊಲಗಳು ಹಿಂಡು ಹಿಂಡಾಗಿ ಹಬ್ಬಿದವು. ಅದೇ ಹೊತ್ತಿಗೆ ದೊಡ್ಡ ಬರ ಬಡಿಯಿತು. ನ್ಯೂ ಸೌತ್ ವೇಲ್ಸಿನ ಪಶ್ಚಿಮ ಸೀಮೆಯ ಪಾಡೇನೆಂದು ವಿಚಾರಿಸಲು ಸರ್ಕಾರ ರಾಯಲ್ ಕಮಿಷನ್ ಕೂರಿಸಬೇಕಾಯಿತು, 1901ರಲ್ಲಿ ಅದರ ವರದಿ ಬಂತು. ಇದರ ಜೊತೆಗೆ ಕೊಳವೆಬಾವಿಗಳೂ ಹರಡಿದವು. ನೆಲದಾಳದ ಗ್ರೇಟ್ ಆರ್ಟೀಸಿಯನ್ ಜಲಪಾತ್ರೆಯ ನೀರು ಮೇಲೆ ಬಂದು, ಹಿಂದೆ ಪ್ರಾಣಿಗಳು ಹೋಗಲಾಗದಿದ್ದ ಮೂಲೆಗೂ ಮಂದೆ ಹೋಯಿತು. ಕುರಿಗಳ ಜೊತೆಗೆ ಕಾಡುಬಿದ್ದ ಆಡುಗಳೂ ಸೇರಿಕೊಂಡವು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವುದು ಆ ಸೀಮೆಯಲ್ಲಿ ಅಕ್ಷರಶಃ ನಿಜ. ಮಳೆ ಕಂಡು ಹುಟ್ಟಿದ ಮೊಳಕೆ ಮೊಣಕಾಲೆತ್ತರ ಬರುವಷ್ಟರಲ್ಲಿ ಚಿಗುರು ಮಾಯ. ಎಷ್ಟೋ ಹಿಡುವಳಿದಾರರು ಹುಲ್ಲು ಬೆಳೆಯಲೆಂದು ಕುರುಚಲನ್ನು ಸರಪಳಿ ಎಳೆದು ಕೀಳಿಸಿದರು, ಮತ್ತೆ ಚಿಗುರಿದಾಗ ಮತ್ತೆ ಕೀಳಿಸಿದರು.

ಹಾಗೆ ಅದುಮಿಟ್ಟ ಕಾಡಿನ ಮೇಲಿನ ಒತ್ತಡವನ್ನು ಮನುಷ್ಯನೇ ತೆಗೆದರೆ ಅದಕ್ಕೆ ಬೆಲೆ ಕೊಡೋಣ ಎಂಬುದು ಯೋಜನೆಯ ಮೂಲ ತರ್ಕ. 2011ರ ಕಾರ್ಬನ್ ಕೃಷಿ ಕಾಯ್ದೆಯ ಅಡಿಯಲ್ಲಿ 2013ರಲ್ಲಿ ಇದಕ್ಕೊಂದು ಅಧಿಕೃತ ವಿಧಾನ ರೂಪುಗೊಂಡಿತು. ಮನುಷ್ಯಪ್ರೇರಿತ ಮರುಬೆಳವಣಿಗೆ ಎಂದು ಅದರ ಹೆಸರು. ಈ ಹೆಸರಿನ ಮೊದಲ ಪದವನ್ನು ಮರೆಯಬೇಡಿ, ಮುಂದಿನ ಜಗಳವೆಲ್ಲ ಅದರ ಸುತ್ತಲೇ ನಡೆದಿದೆ. ಮಳೆಯಿಂದ ತಾನಾಗಿ ಬಂದ ಮರಕ್ಕೆ ಇಲ್ಲಿ ದುಡ್ಡಿಲ್ಲ. ನೀವು ಮೇವಿನ ಕ್ರಮ ಬದಲಾಯಿಸಿದ್ದರಿಂದ ಬಂದ ಮರಕ್ಕೆ ಮಾತ್ರ ದುಡ್ಡು.

ಯಾವ ನೆಲ ಸಲ್ಲುತ್ತಿತ್ತು

ಅಲ್ಲಿನ ಕಾನೂನಿನ ಪ್ರಕಾರ ಕಾಡು ಎನಿಸಿಕೊಳ್ಳಲು ಕನಿಷ್ಠ 0.2 ಹೆಕ್ಟೇರ್ ಜಾಗ ಬೇಕು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 20 ಗುಂಟೆ. ಮರಗಳು ಎರಡು ಮೀಟರ್ ಅಥವಾ ಅದಕ್ಕಿಂತ ಎತ್ತರವಿರಬೇಕು, ಅವುಗಳ ಕೊಡೆ ನೆಲದ ನೂರಕ್ಕೆ 20 ಭಾಗವನ್ನಾದರೂ ಮುಚ್ಚಬೇಕು. ಪಶ್ಚಿಮಘಟ್ಟದ ಕಾಡು ನೋಡಿದ ಕಣ್ಣಿಗೆ ಇದು ಕಾಡೇ ಅಲ್ಲ, ಮರಗಳ ನಡುವೆ ಜೀಪು ಓಡಿಸಬಹುದಾದ ಕುರುಚಲು ಬಯಲು. ಆದರೆ ಒಣನಾಡಿನಲ್ಲಿ ಕಾಡೆಂದರೆ ಇಷ್ಟೇ.

ಯೋಜನೆಗೆ ಸೇರಬೇಕಾದ ತುಂಡು ಅರ್ಜಿ ಹಾಕುವ ಹಿಂದಿನ ಹತ್ತು ವರ್ಷಗಳಲ್ಲಿ ಕಾಡಾಗಿರಬಾರದಿತ್ತು. ಆ ಅವಧಿಯಲ್ಲಿ ಮರಗಳು ಮೇಲೇಳದಂತೆ ಏನೋ ತಡೆದಿರಬೇಕಿತ್ತು, ಆ ತಡೆ ಏನೆಂದು ದಾಖಲೆಯಿಂದ ತೋರಿಸಬೇಕಿತ್ತು. ಮಂದೆಯ ಗಾತ್ರದ ಪುಸ್ತಕ, ಸರಪಳಿ ಎಳೆಸಿದ ಬಿಲ್ಲು, ಹಳೆಯ ವೈಮಾನಿಕ ಚಿತ್ರ, ಉಪಗ್ರಹ ಚಿತ್ರ ಎಲ್ಲವೂ ಇಲ್ಲಿ ಸಾಕ್ಷಿಯಾಗುತ್ತಿತ್ತು. ಜೊತೆಗೆ ಅದೇ ನೆಲಕ್ಕೆ ಕಾಡಾಗುವ ಶಕ್ತಿಯಿದೆ ಎಂಬುದನ್ನೂ ತೋರಿಸಬೇಕಿತ್ತು. ಅಂದರೆ ಬೀಜ, ಮೊಳಕೆ, ಕುಡಿಯೊಡೆವ ಬೊಡ್ಡೆ ಅಲ್ಲೇ ಇರಬೇಕಿತ್ತು. ಯಾವ ಕಾಲಕ್ಕೂ ಹುಲ್ಲಷ್ಟೇ ಬೆಳೆದ ಕಪ್ಪು ಜೇಡಿಯ ಬಯಲು ಇದಕ್ಕೆ ಸಲ್ಲುತ್ತಿರಲಿಲ್ಲ. ಆಗಲೇ ಮರ ತುಂಬಿದ್ದ ಜಾಗವೂ ಸಲ್ಲುತ್ತಿರಲಿಲ್ಲ.

ಹೀಗಾಗಿ ಒಂದು ಹಿಡುವಳಿಯ ನಕ್ಷೆ ಬಿಡಿಸಿದಾಗ ಅದು ಚೂರು ಚೂರಾಗಿ ಹರಿದುಹೋಗುತ್ತದೆ. ಕ್ರೆಡಿಟ್ ಲೆಕ್ಕಕ್ಕೆ ಬರುವ ತುಂಡುಗಳು ಬೇರೆ. ಬಂಡೆ, ರಸ್ತೆ, ಕೆರೆದಂಡೆ, ಹಳೆಯ ಕಾಡು, ಹುಲ್ಲುಬಯಲು ಹೊರಗುಳಿದ ತುಂಡುಗಳು. ನಕ್ಷೆ ಉದಾರವಾಗಿದ್ದಷ್ಟೂ ಮೊದಲ ವರ್ಷಗಳಲ್ಲಿ ಕ್ರೆಡಿಟ್ ಹೆಚ್ಚು, ಮುಂದೆ ತಪಾಸಣೆಯಲ್ಲಿ ತೊಂದರೆಯೂ ಹೆಚ್ಚು. ನಕ್ಷೆ ಬರೆಯುವವರ ಮೇಲೆ ಆಸೆಯ ಒತ್ತಡ ಸದಾ ಇರುತ್ತದೆ. ನೆಲದ ಒಡೆಯ ತಾನೇ ಜೊತೆಗೆ ನಡೆದು, ಇಲ್ಲಿ ಮರ ಬರುತ್ತದೆ, ಇಲ್ಲಿ ಬರುವುದಿಲ್ಲ ಎಂದು ಹೇಳುವುದಕ್ಕಿಂತ ಒಳ್ಳೆಯ ಕಾಪು ನನಗೆ ಕಾಣುವುದಿಲ್ಲ.

ಬೇಲಿ, ನಲ್ಲಿ, ಆಡು

ಇನ್ನು ಕೆಲಸದ ಮಾತು. ಆ ವಿಧಾನ ಐದು ಬಗೆಯ ಕೆಲಸಗಳನ್ನು ಒಪ್ಪಿತ್ತು: ಸಾಕುಪ್ರಾಣಿಗಳನ್ನು ಆ ಜಾಗದಿಂದ ಪೂರ್ತಿ ಹೊರಗಿಡುವುದು, ಮೇಯಿಸುವ ಕಾಲ ಮತ್ತು ಪ್ರಮಾಣ ಹತೋಟಿಯಲ್ಲಿಡುವುದು, ಕಾಡುಬಿದ್ದ ಪ್ರಾಣಿಗಳನ್ನು ನಿಯಂತ್ರಿಸುವುದು, ಹೊರಗಿನಿಂದ ಬಂದ ಗಿಡಗಂಟಿ ತೆಗೆಯುವುದು, ಮರುಚಿಗುರನ್ನು ಯಂತ್ರದಿಂದಲೋ ಔಷಧಿಯಿಂದಲೋ ಕೊಲ್ಲುವುದನ್ನು ನಿಲ್ಲಿಸುವುದು. ಹೆಚ್ಚಿನವರು ಆರಿಸಿಕೊಂಡದ್ದು ಎರಡನೆಯದನ್ನೂ ಮೂರನೆಯದನ್ನೂ.

ಕುರಿ ಸಾಕಣೆ ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಹಿಡುವಳಿಯನ್ನು ದೊಡ್ಡ ದೊಡ್ಡ ತುಂಡುಗಳಾಗಿ ಬೇಲಿಯಿಂದ ಒಡೆದು, ಮಂದೆಯನ್ನು ಸರದಿಯ ಮೇಲೆ ಸುತ್ತಿಸಿ, ಒಂದೊಂದು ತುಂಡಿಗೂ ತಿಂಗಳುಗಟ್ಟಲೆ ಬಿಡುವು ಕೊಡುತ್ತಾರೆ. ಮಳೆಯ ನಂತರದ ಬಿಡುವಿಗೆ ಬೆಲೆ ಹೆಚ್ಚು. ಮೊಳಕೆ ಬೇರು ಬಿಡುವುದು ಆಗಲೇ. ಒಂದು ಒಳ್ಳೆಯ ಮಳೆಯ ಬೆನ್ನಿಗೆ ಇನ್ನೊಂದು ಬಂದರೆ ಮುಲ್ಗಾ ಮೊಳಕೆ ನೆಲದ ತುಂಬ ಏಳುತ್ತದೆ, ಅಂಥ ವರ್ಷಗಳು ಬಹಳ ಬರುವುದಿಲ್ಲ. ಆ ಒಂದು ವರ್ಷದಲ್ಲಿ ಮಂದೆ ಎಲ್ಲಿತ್ತು ಎಂಬುದರ ಮೇಲೆ ಮುಂದಿನ ಇಪ್ಪತ್ತು ವರ್ಷದ ಕಾಡು ನಿಂತಿದೆ.

ಬೇಲಿಗೆ ದುಡ್ಡು ಬೇಕು. ನೀರಿನ ನಲ್ಲಿ ತಿರುಗಿಸುವುದಕ್ಕೆ ಅಷ್ಟು ಬೇಡ. ಒಣಸೀಮೆಯಲ್ಲಿ ಪ್ರಾಣಿ ನೀರಿನ ಸುತ್ತಲೇ ಮೇಯುತ್ತದೆ. ತೊಟ್ಟಿಯ ಸುತ್ತಲಿನ ನೆಲ ಬೋಳಾಗಿ, ದೂರ ಹೋದಂತೆ ಹಸಿರಾಗುವುದನ್ನು ನಮ್ಮ ಊರುಗಳ ಕುಡಿಯುವ ನೀರಿನ ತೊಟ್ಟಿಗಳ ಬಳಿಯೂ ನೋಡಬಹುದು. ಹಿಂದೆ ತೆರೆದ ಕಾಲುವೆಗಳಲ್ಲಿ ಹರಿಯುತ್ತಿದ್ದ ಕೊಳವೆಬಾವಿಯ ನೀರನ್ನು ಅಲ್ಲಿ ಈಗ ಕೊಳವೆಯೊಳಗೆ ಹರಿಸಿ ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯ ಕವಾಟ ಮುಚ್ಚಿದರೆ ಆ ಭಾಗಕ್ಕೆ ಬಿಡುವು ಸಿಕ್ಕಂತೆ. ಮಂದೆಯನ್ನು ಅಟ್ಟುವ ಕೆಲಸವೇ ಇಲ್ಲ, ನೀರು ಹುಡುಕಿಕೊಂಡು ಅದು ತಾನೇ ಮುಂದಿನ ತುಂಡಿಗೆ ಹೋಗುತ್ತದೆ.

ಆಡುಗಳಿಗೂ ಇದೇ ಉಪಾಯ. ನೀರಿನ ಸುತ್ತ ಬಲವಾದ ಬೇಲಿ ಕಟ್ಟಿ, ಒಳಗೆ ಹೋಗಬಹುದು ಹೊರಗೆ ಬರಲಾಗದು ಎನ್ನುವಂಥ ಏರು ಹಲಗೆ ಇಡುತ್ತಾರೆ. ಬಾಯಾರಿದ ಆಡು ಹತ್ತಿ ಒಳಗೆ ಜಿಗಿಯುತ್ತದೆ. ಮರುದಿನ ಲಾರಿ ಬರುತ್ತದೆ. ಆಡಿನ ಮಾಂಸ ರಫ್ತಿನಲ್ಲಿ ಆಸ್ಟ್ರೇಲಿಯಾ ಜಗತ್ತಿನ ಮುಂಚೂಣಿಯಲ್ಲಿದೆ, ಅದರ ದೊಡ್ಡ ಪಾಲು ಹೀಗೆ ಹಿಡಿದ ಕಾಡಾಡುಗಳದ್ದು. ಇಲ್ಲೊಂದು ತೊಡಕಿದೆ. ಆಡಿಗೆ ಒಳ್ಳೆಯ ಬೆಲೆ ಬಂದ ವರ್ಷ ಅದನ್ನು ಮೂಲೋತ್ಪಾಟನೆ ಮಾಡಲು ಯಾರಿಗೂ ಮನಸ್ಸಿಲ್ಲ. ಒಂದಷ್ಟು ಉಳಿಯಲಿ, ಮರಿ ಹಾಕಲಿ ಎನ್ನಿಸುತ್ತದೆ. ಹಾಗೆ ಉಳಿದ ಆಡುಗಳು ಮುಲ್ಗಾ ಚಿಗುರನ್ನು ಉಳಿಸುವುದಿಲ್ಲ.

ಕುರಿ ತೆಗೆದೆವು, ಹುಲ್ಲು ಬಂತು ಎಂದು ಹಿಗ್ಗುವಷ್ಟರಲ್ಲಿ ಕಾಂಗರೂಗಳು ಬರುತ್ತವೆ. ಅದಕ್ಕೇ ಅಲ್ಲಿನ ಕೃಷಿ ಇಲಾಖೆಯವರು ಕುರಿಯ ತಲೆಯನ್ನಷ್ಟೇ ಎಣಿಸುವುದಿಲ್ಲ. ಕುರಿ, ದನ, ಆಡು, ಕಾಂಗರೂ, ಮೊಲ ಎಲ್ಲದರ ಬಾಯಿಯನ್ನೂ ಸೇರಿಸಿ ಒಟ್ಟು ಮೇವಿನ ಒತ್ತಡ ಎಂದು ಲೆಕ್ಕ ಹಾಕುತ್ತಾರೆ. ಕ್ವೀನ್ಸ್‌ಲ್ಯಾಂಡಿನ ನೈಋತ್ಯ ಭಾಗದಲ್ಲಿ ಅಕ್ಕಪಕ್ಕದ ಹಿಡುವಳಿದಾರರು ಕೂಡಿ ಕಾಡುನಾಯಿ, ಆಡು, ಕಾಂಗರೂ ಮೂರನ್ನೂ ತಡೆಯುವ ಎತ್ತರದ ಸುತ್ತುಬೇಲಿ ಹಾಕಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಟನ್ ಲೆಕ್ಕ, ಡಾಲರ್ ಲೆಕ್ಕ

ಮರ ಅಳೆಯಲು ಟೇಪು ಹಿಡಿದು ಯಾರೂ ಸಾವಿರಾರು ಹೆಕ್ಟೇರ್ ಸುತ್ತುವುದಿಲ್ಲ. ಸರ್ಕಾರದ ಫುಲ್‌ಕ್ಯಾಮ್ ಎಂಬ ಗಣಕ ಮಾದರಿ ಆ ಜಾಗದ ಮಳೆ, ಉಷ್ಣತೆ, ಮಣ್ಣು ನೋಡಿ ಅಲ್ಲಿ ಇಷ್ಟು ವರ್ಷದಲ್ಲಿ ಇಷ್ಟು ಮರ ಬೆಳೆಯಬೇಕು ಎಂದು ಅಂದಾಜು ಕೊಡುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಟನ್ ಇಂಗಾಲವೆಂದರೆ ಗಾಳಿಯಿಂದ ಹೀರಿದ 3.67 ಟನ್ ಇಂಗಾಲದ ಡೈ ಆಕ್ಸೈಡ್. ಮಾದರಿ ಹೇಳಿದ್ದೂ ನೆಲದಲ್ಲಿ ಕಾಣುವುದೂ ತಾಳೆಯಾಗುತ್ತಿದೆಯೇ ಎಂದು ಕಾಲಕಾಲಕ್ಕೆ ಪರೀಕ್ಷೆಯಿದೆ, ಹೊರಗಿನ ಲೆಕ್ಕ ತಪಾಸಕರ ಭೇಟಿಯಿದೆ. ಐದು ವರ್ಷಕ್ಕೊಮ್ಮೆಯಾದರೂ ವರದಿ ಸಲ್ಲಿಸಲೇಬೇಕು.

ಲೆಕ್ಕ ತಿಳಿಯಲೆಂದು ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ನಕ್ಷೆಯಲ್ಲಿ 2000 ಹೆಕ್ಟೇರ್ ಸಲ್ಲುತ್ತದೆ, ಹೆಕ್ಟೇರಿಗೆ ವರ್ಷಕ್ಕೆ ಒಂದು ಟನ್ ಎಂದು ಮಾದರಿ ಹೇಳುತ್ತದೆ ಅನ್ನಿ. 2000 ಟನ್ ಆಯಿತು. ಬೆಂಕಿ, ಬರದಿಂದ ಮರ ಹೋದೀತೆಂಬ ಮುನ್ನೆಚ್ಚರಿಕೆಗೆ ಎಲ್ಲ ಯೋಜನೆಗಳಿಂದಲೂ ನೂರಕ್ಕೆ 5 ಕಳೆಯುತ್ತಾರೆ. ಕಾಡನ್ನು 100 ವರ್ಷ ಕಾಯುವ ಬದಲು 25 ವರ್ಷ ಮಾತ್ರ ಕಾಯುತ್ತೇನೆ ಎಂದರೆ ಇನ್ನೂ ನೂರಕ್ಕೆ 20 ಹೋಗುತ್ತದೆ. ಉಳಿದದ್ದು 1500 ಕ್ರೆಡಿಟ್. ನಕ್ಷೆ, ಅರ್ಜಿ, ವರದಿಗಳನ್ನು ನೋಡಿಕೊಳ್ಳುವ ಕಂಪನಿಯ ಪಾಲು ನೂರಕ್ಕೆ 30 ಎಂದಾದರೆ 450 ಅದಕ್ಕೆ. ಒಡೆಯನ ಕೈಗೆ 1050. ಕ್ರೆಡಿಟ್ಟಿಗೆ 30 ಡಾಲರ್ ಹಿಡಿದರೆ 31,500 ಆಸ್ಟ್ರೇಲಿಯನ್ ಡಾಲರ್. ಇದರಲ್ಲಿ ಬೇಲಿ, ಕೊಳವೆ, ಕಡಿಮೆಯಾದ ಕುರಿಗಳಿಂದಾದ ನಷ್ಟ ಕಳೆಯಬೇಕು. 2000 ಹೆಕ್ಟೇರ್ ಎಂದರೆ ಸುಮಾರು ಐದು ಸಾವಿರ ಎಕರೆ. ಎಕರೆಗೆ ಎಷ್ಟು ಬಿತ್ತೆಂದು ಭಾಗಿಸಿ ನೋಡಿದರೆ ಈ ಆದಾಯದ ನಿಜರೂಪ ಕಾಣುತ್ತದೆ: ಎಕರೆಗೆ ಆರು ಡಾಲರ್ ಚಿಲ್ಲರೆ. ನೆಲ ವಿಸ್ತಾರವಾಗಿರುವಲ್ಲಿ ಮಾತ್ರ ಇದು ಆದಾಯ.

ಬೆಲೆಯೂ ಒಂದೇ ಸಮ ಇರುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಸರ್ಕಾರ ನಡೆಸಿದ ಮೊದಲ ಹರಾಜಿನಲ್ಲಿ ಸರಾಸರಿ ಬೆಲೆ ಟನ್ನಿಗೆ 13.95 ಡಾಲರ್. 2022ರ ಜನವರಿಯಲ್ಲಿ ಮಾರುಕಟ್ಟೆಯಲ್ಲಿ ಅದು 50 ಡಾಲರ್ ದಾಟಿತ್ತು. ಮಾರ್ಚ್‌ನಲ್ಲಿ, ಸರ್ಕಾರಕ್ಕೆ ಹಳೆಯ ದರದಲ್ಲಿ ಕೊಡಬೇಕಿದ್ದ ಕ್ರೆಡಿಟ್ಟುಗಳನ್ನು ಶುಲ್ಕ ಕಟ್ಟಿ ಬಿಡಿಸಿಕೊಂಡು ಹೊರಗೆ ಮಾರಬಹುದು ಎಂದು ಸರ್ಕಾರ ನಿಯಮ ಸಡಿಲಿಸಿದ್ದೇ ತಡ, ಬೆಲೆ 30ರ ಆಸುಪಾಸಿಗೆ ಕುಸಿಯಿತು. ಒಂದು ಸರ್ಕಾರಿ ಪ್ರಕಟಣೆಗೆ ಬೆಲೆ ಹೀಗೆ ಅಲ್ಲಾಡುವ ಸರಕನ್ನು ನೆಚ್ಚಿಕೊಂಡು ಸಾಲ ಮಾಡುವುದು ಜಾಣತನವಲ್ಲ. 2017ರಿಂದ 2019ರವರೆಗಿನ ಭೀಕರ ಬರದಲ್ಲಿ ಕಾರ್ಬನ್ ದುಡ್ಡು ಎಷ್ಟೋ ಮನೆಗಳನ್ನು ಉಳಿಸಿತು ಎಂಬುದೂ ನಿಜ. ಸಾಲ ತೀರಿಸಲು, ನೀರಿನ ಕೊಳವೆ ಹಾಕಿಸಲು ಬಳಸಿದವರಿಗೆ ಅದರ ಫಲ ಉಳಿಯಿತು.

ಕಾಗದದಲ್ಲಿ ನೋಡಬೇಕಾದ ಸಾಲುಗಳು

ಕ್ರೆಡಿಟ್ ಸಿಗುವ ಅವಧಿ 25 ವರ್ಷ. ಕಾಯುವ ಅವಧಿ, ನೀವು ಆರಿಸಿದಂತೆ, 25 ಅಥವಾ 100 ವರ್ಷ. ನೂರು ವರ್ಷ ಆರಿಸಿದವನಿಗೆ ಕಾಲು ಶತಮಾನ ದುಡ್ಡು, ಮುಕ್ಕಾಲು ಶತಮಾನ ಬರೀ ಕಾವಲು. ಆ ಮುಕ್ಕಾಲು ಶತಮಾನದ ಕಾವಲು ಮಾಡಬೇಕಾದವರು ಮಕ್ಕಳು, ಮೊಮ್ಮಕ್ಕಳು. ಅವರನ್ನು ಕೇಳದೆ ಸಹಿ ಹಾಕುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ನೂರಕ್ಕೆ 20 ಹೋದರೂ 25 ವರ್ಷವೇ ವಾಸಿ.

ಜಮೀನು ಮಾರಿದರೂ ಈ ಹೊಣೆ ಕಳಚಿಕೊಳ್ಳುವುದಿಲ್ಲ, ನೆಲದ ಜೊತೆಗೇ ಹೋಗುತ್ತದೆ. ಕೊಳ್ಳುವವನು ಅದನ್ನು ನೋಡಿಯೇ ಬೆಲೆ ಕಟ್ಟುತ್ತಾನೆ. ನಡುವೆ ಹೊರಬರಬೇಕೆಂದರೆ ದಾರಿಯಿದೆ, ಆದರೆ ಪಡೆದ ಕ್ರೆಡಿಟ್ಟುಗಳಷ್ಟನ್ನೂ ಸರ್ಕಾರಕ್ಕೆ ಹಿಂದಿರುಗಿಸಬೇಕು. ನೀವು ಮಾರಿಬಿಟ್ಟಿರುತ್ತೀರಿ, ಹಾಗಾಗಿ ಮಾರುಕಟ್ಟೆಯಲ್ಲಿ ಕೊಂಡು ತರಬೇಕು. 13 ಡಾಲರಿಗೆ ಮಾರಿದ್ದನ್ನು 35 ಡಾಲರಿಗೆ ಕೊಳ್ಳುವ ಸ್ಥಿತಿ ಬಂದರೆ ಲೆಕ್ಕ ನೀವೇ ಹಾಕಿ.

ಬೆಂಕಿಯ ವಿಷಯದಲ್ಲಿ ನಿಯಮ ಅಷ್ಟು ಕ್ರೂರವಾಗಿಲ್ಲ. ಸಿಡಿಲಿನಿಂದಲೋ ಕಾಡ್ಗಿಚ್ಚಿನಿಂದಲೋ ಮರ ಸುಟ್ಟರೆ, ಬೆಂಕಿಪಟ್ಟಿ ಕಡಿದು ಮಾಡಬೇಕಾದ ಎಚ್ಚರಿಕೆ ಮಾಡಿದ್ದರೆ, ದಂಡವಿಲ್ಲ. ಮರ ಮತ್ತೆ ಅಷ್ಟೇ ಬೆಳೆಯುವ ತನಕ ಹೊಸ ಕ್ರೆಡಿಟ್ ನಿಲ್ಲುತ್ತದೆ. ಆದರೆ ಮುಲ್ಗಾ ಬೆಂಕಿ ತಡೆಯುವ ಮರವಲ್ಲ. ಜೋರು ಬೆಂಕಿಗೆ ಸತ್ತರೆ ಬುಡದಿಂದ ಚಿಗುರುವುದು ಅಪರೂಪ, ಬೀಜದಿಂದಲೇ ಬರಬೇಕು. ಆ ‘ತನಕ’ ಎಷ್ಟು ವರ್ಷವೋ.

ಒಡೆಯನೊಬ್ಬನ ಸಹಿ ಸಾಲದು. ನ್ಯೂ ಸೌತ್ ವೇಲ್ಸಿನ ಪಶ್ಚಿಮದ ಹೆಚ್ಚಿನ ನೆಲ ಸರ್ಕಾರದಿಂದ ದೀರ್ಘಾವಧಿ ಗೇಣಿಗೆ ಪಡೆದದ್ದು. ಆದ್ದರಿಂದ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಅಡವು ಇದ್ದರೆ ಬ್ಯಾಂಕಿನ ಒಪ್ಪಿಗೆ. ಮೂಲನಿವಾಸಿಗಳ ಹಕ್ಕು ಮಾನ್ಯವಾಗಿರುವಲ್ಲಿ ಅವರ ಒಪ್ಪಿಗೆ. ಎಷ್ಟೋ ಯೋಜನೆಗಳು ಮೊದಲು ಷರತ್ತಿನ ಮೇಲೆ ನೋಂದಣಿಯಾಗಿ, ಒಪ್ಪಿಗೆಪತ್ರಗಳನ್ನು ಆಮೇಲೆ ಕೂಡಿಸಿದವು. ಇದೊಂದು ದುರ್ಬಲ ಕೊಂಡಿ, ಟೀಕೆಗೂ ಗುರಿಯಾಯಿತು.

ಮಳೆಯೋ, ಮನುಷ್ಯನೋ

2022ರಲ್ಲಿ ದೊಡ್ಡ ಗದ್ದಲವೆದ್ದಿತು. ಎಬ್ಬಿಸಿದವರು ಆಂಡ್ರ್ಯೂ ಮ್ಯಾಕಿಂಟಾಶ್. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪ್ರಾಧ್ಯಾಪಕರು, ಕ್ರೆಡಿಟ್ ವಿಧಾನಗಳನ್ನು ಪರಿಶೀಲಿಸುವ ಸರ್ಕಾರಿ ಸಮಿತಿಗೇ ಹಿಂದೆ ಅಧ್ಯಕ್ಷರಾಗಿದ್ದವರು. ಅವರ ವಾದ ಸರಳ: ಎಂದೂ ಕಾಡು ಕಡಿಯದ ಒಣ ಮೇವಿನ ಸೀಮೆಯಲ್ಲಿ ಮರ ಹೆಚ್ಚುವುದೂ ಕಡಿಮೆಯಾಗುವುದೂ ಮುಖ್ಯವಾಗಿ ಮಳೆಯಿಂದ. 2010ರಿಂದ 2012ರವರೆಗೆ ಲಾ ನಿನಾದ ಭಾರಿ ಮಳೆ ಸುರಿದು ಎಲ್ಲೆಡೆ ಹಸಿರು ಉಕ್ಕಿತು, ಬೇಲಿಯ ಒಳಗೂ ಉಕ್ಕಿತು, ಹೊರಗೂ ಉಕ್ಕಿತು. ಕುರಿಗಾರ ಮಂದೆ ತಿರುಗಿಸಿದ್ದಕ್ಕೆ ಎಂದು ಕ್ರೆಡಿಟ್ ಕೊಡುವುದು ಹೇಗೆ? 2024ರಲ್ಲಿ ಅವರೂ ಸಂಗಡಿಗರೂ 182 ಯೋಜನೆಗಳ ಉಪಗ್ರಹ ಮಾಹಿತಿಯನ್ನು ಜರಡಿ ಹಿಡಿದು ಕಮ್ಯುನಿಕೇಷನ್ಸ್ ಅರ್ತ್ ಅಂಡ್ ಎನ್ವಿರಾನ್‌ಮೆಂಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಚ್ಚಿನ ಯೋಜನೆಗಳಲ್ಲಿ ಮರದ ಹೊದಿಕೆ ಹೇಳಿಕೊಳ್ಳುವಷ್ಟು ಬದಲಾಗಿಲ್ಲ ಎಂಬುದು ಅವರ ತೀರ್ಮಾನ.

ಸರ್ಕಾರದ ನಿಯಂತ್ರಣ ಸಂಸ್ಥೆ ಇದನ್ನು ಒಪ್ಪಲಿಲ್ಲ. ಕಂಪನಿಗಳೂ ಒಪ್ಪಲಿಲ್ಲ. ದೇಶದ ಮಾಜಿ ಮುಖ್ಯ ವಿಜ್ಞಾನಿ ಇಯಾನ್ ಚಬ್ ಅವರ ನೇತೃತ್ವದ ಸಮಿತಿಯ ವರದಿ 2023ರ ಜನವರಿಯಲ್ಲಿ ಹೊರಬಂದಾಗ ವ್ಯವಸ್ಥೆಯ ಬುನಾದಿ ಸರಿಯಿದೆ ಎಂದಿತು, ಜೊತೆಗೆ 16 ಶಿಫಾರಸುಗಳನ್ನೂ ಮುಂದಿಟ್ಟಿತು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಮರುಬೆಳವಣಿಗೆಯ ಆ ವಿಧಾನದ ಅವಧಿ ಮುಗಿಯಿತು. ನೋಂದಣಿಯಾದ ಹಳೆಯ ಯೋಜನೆಗಳು ಮುಂದುವರಿದಿವೆ, ಹೊಸಬರಿಗೆ ಆ ಬಾಗಿಲು ಮುಚ್ಚಿದೆ. ಮೆಲ್ಬರ್ನಿನಲ್ಲೋ ಸಿಡ್ನಿಯಲ್ಲೋ ಇರುವ ಕನ್ನಡಿಗರು ಹೂಡಿಕೆಗೆಂದು ಒಳನಾಡಿನಲ್ಲಿ ನೆಲ ನೋಡುತ್ತಿದ್ದರೆ ಇದು ಗಮನದಲ್ಲಿರಲಿ. ಜಮೀನಿನ ಜಾಹೀರಾತಿನಲ್ಲಿ ಕಾರ್ಬನ್ ಆದಾಯ ಎಂದು ಬರೆದಿದ್ದು, ಅದು ಈ ವಿಧಾನದ್ದಾದರೆ, ಹಳೆಯ ಯೋಜನೆಯೇ. ಎಷ್ಟು ವರ್ಷ ಕ್ರೆಡಿಟ್ ಬಾಕಿ, ಎಷ್ಟು ವರ್ಷ ಕಾವಲು ಬಾಕಿ, ಇದುವರೆಗೆ ಕೊಟ್ಟ ಕ್ರೆಡಿಟ್ ಎಷ್ಟು ಎಂಬ ಮೂರನ್ನೂ ಬರವಣಿಗೆಯಲ್ಲಿ ಕೇಳಬೇಕು.

ನನಗೆ ಕಂಡಂತೆ, ಕಡಿದು ಕೀಳಿಸಿ ಬೋಳಾಗಿಸಿದ ನೆಲದಲ್ಲಿ ಈ ಲೆಕ್ಕ ನಿಲ್ಲುತ್ತದೆ. ಅಲ್ಲಿ ತಡೆ ಯಾವುದೆಂದು ಎಲ್ಲರಿಗೂ ಗೊತ್ತು, ತೆಗೆದವರು ಯಾರೆಂದೂ ಗೊತ್ತು. ಬರೀ ಮೇಯಿಸಿದ ನೆಲದಲ್ಲಿ ಮಳೆಯ ಪಾಲನ್ನೂ ಮನುಷ್ಯನ ಪಾಲನ್ನೂ ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಲು ಇರುವ ಒಂದೇ ನಂಬಲರ್ಹ ದಾರಿ ಬೇಲಿಯ ಆಚೆಗಿನ ಅದೇ ಬಗೆಯ ನೆಲದ ಜೊತೆ ಹೋಲಿಸಿ ನೋಡುವುದು. ಆ ಹೋಲಿಕೆ ಮೊದಲಿನಿಂದಲೇ ನಿಯಮದಲ್ಲಿ ಇದ್ದಿದ್ದರೆ ಇಷ್ಟು ಗದ್ದಲ ಆಗುತ್ತಿರಲಿಲ್ಲ.

ನಮ್ಮ ನೆಲಕ್ಕೆ ಎಷ್ಟು ಹೊಂದುತ್ತದೆ

ಅಲ್ಲಿನ ಮಾದರಿಯನ್ನು ಹಾಗೆಯೇ ಎತ್ತಿ ತಂದರೆ ಮೂರು ಕಡೆ ಮುಗ್ಗರಿಸುತ್ತೇವೆ. ಮೊದಲನೆಯದು ಹಿಡುವಳಿ. ಎಕರೆಗೆ ಆರೇಳು ಡಾಲರಿನ ಲೆಕ್ಕ ನಾಲ್ಕೈದು ಎಕರೆಯವರಿಗೆ ಏನೂ ಅಲ್ಲ. ನೂರಾರು ರೈತರು ಒಂದಾಗಿ ಸೇರಿದರೆ ಮಾತ್ರ ನಕ್ಷೆ, ತಪಾಸಣೆಯ ಖರ್ಚು ಹುಟ್ಟುತ್ತದೆ. ಇದಕ್ಕೆ ಆಸ್ಟ್ರೇಲಿಯಾಕ್ಕಿಂತ ಆಫ್ರಿಕಾದ ಉದಾಹರಣೆ ಹತ್ತಿರ. ಇಥಿಯೋಪಿಯಾದ ಹುಂಬೋ ಎಂಬಲ್ಲಿ ಬೋಳುಗುಡ್ಡದ 2728 ಹೆಕ್ಟೇರ್ ಜಾಗವನ್ನು ಊರವರ ಸಹಕಾರ ಸಂಘಗಳು ಮೇಯಿಸದೆ ಕಾಯ್ದು, ಬೊಡ್ಡೆಗಳಿಂದಲೇ ಕಾಡು ಎಬ್ಬಿಸಿದವು. 2009ರಲ್ಲಿ ಅದು ವಿಶ್ವಸಂಸ್ಥೆಯ ಕಾರ್ಬನ್ ಯೋಜನೆಯಾಗಿ ನೋಂದಣಿಯಾಯಿತು, ಹಣ ಸಂಘಗಳಿಗೆ ಹೋಯಿತು. ಅದರ ಹಿಂದಿನ ವಿಧಾನವನ್ನು 1980ರ ದಶಕದಲ್ಲಿ ನೈಜರ್ ದೇಶದಲ್ಲಿ ಬೆಳೆಸಿದವರು ಟೋನಿ ರಿನಾಡೊ ಎಂಬ ಆಸ್ಟ್ರೇಲಿಯನ್ನರೇ. ಹೊಲದಲ್ಲಿ ಕಡಿದು ಉಳಿದ ಬೊಡ್ಡೆ ಹತ್ತಾರು ಕುಡಿ ಬಿಡುತ್ತದೆ. ಅದರಲ್ಲಿ ನೆಟ್ಟಗಿರುವ ಮೂರ್ನಾಲ್ಕನ್ನು ಉಳಿಸಿ ಮಿಕ್ಕದ್ದನ್ನು ಸವರಬೇಕು, ಉಳಿದವಕ್ಕೆ ಅರ್ಧ ಎತ್ತರದ ತನಕ ಅಡ್ಡರೆಂಬೆ ತೆಗೆಯಬೇಕು, ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ಕಾಯಬೇಕು. ಕಾರ್ಬನ್ ದುಡ್ಡು ಬರಲಿ ಬಿಡಲಿ, ಬದುವಿನ ಮೇಲಿನ ದಿಂಡಿಗ, ಕಮರ, ಹೊಂಗೆ, ಬನ್ನಿಗೆ ಇದನ್ನು ನಾಳೆಯಿಂದಲೇ ಮಾಡಬಹುದು. ಬೇಕಾದದ್ದು ಒಂದು ಮಚ್ಚು.

ಎರಡನೆಯದು ಒಡೆತನ. ನಮ್ಮಲ್ಲಿ ಮೇವಿನ ನೆಲವೆಂದರೆ ಗೋಮಾಳ, ಕಾವಲು, ಕಂದಾಯ ಗುಡ್ಡ. ಅಲ್ಲಿ ಊರ ದನ ಮೇಯುತ್ತದೆ, ಊರೂರು ತಿರುಗುವ ಕುರುಬರ ಮಂದೆಯೂ ಬಂದು ತಂಗುತ್ತದೆ. ಆ ಕುರಿಗಾಹಿಯ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಗ್ರಾಮ ಪಂಚಾಯಿತಿಯ ನಿರ್ಣಯದ ಮೇಲೆ ಬೇಲಿ ಬಿದ್ದರೆ ಮೊದಲು ಹೊರಗುಳಿಯುವವನು ಅವನೇ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಒಪ್ಪಿಗೆ ಬೇಕೆಂಬ ನಿಯಮಕ್ಕೆ ಸಮನಾದದ್ದು ಇಲ್ಲಿ ಅವನ ಒಪ್ಪಿಗೆ.

ಮೂರನೆಯದು ಹುಲ್ಲು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಹಾಳುಬಿದ್ದ ಕಾಡುಗಳಲ್ಲ, ಅವು ಹುಲ್ಲುಗಾವಲುಗಳೇ. ತೋಳ, ಕೃಷ್ಣಮೃಗ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ಬದುಕುವುದು ಆ ಬಯಲಿನಲ್ಲಿ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ನೀಲಗಿರಿ ನೆಟ್ಟು ಬಯಲನ್ನು ಮುಚ್ಚಿದ ಪಾಠ ನಮಗೆ ಈಗಾಗಲೇ ಇದೆ. ಬಯಲಿಗೆ ಬಿಡುವು ಕೊಟ್ಟರೆ ಮೊದಲು ನುಗ್ಗುವುದು ಬಳ್ಳಾರಿ ಜಾಲಿ. ಎರಡು ಮೀಟರ್ ಎತ್ತರ, ನೂರಕ್ಕೆ 20 ಹೊದಿಕೆ ಎಂಬ ಅಳತೆಗೆ ಅದು ಐದಾರು ವರ್ಷದಲ್ಲಿ ತೇರ್ಗಡೆಯಾದೀತು, ಉಪಗ್ರಹಕ್ಕೂ ಹಸಿರಾಗಿಯೇ ಕಾಣುತ್ತದೆ. ಆಸ್ಟ್ರೇಲಿಯಾದ ನಿಯಮದಲ್ಲಿ ನಾಡಮರ ಎಂಬ ಷರತ್ತು ಇಲ್ಲದಿದ್ದರೆ ಅಲ್ಲೂ ಇದೇ ಆಗುತ್ತಿತ್ತು. ಯಾವ ಮರ ಎಂದು ಹೆಸರು ಬರೆಯದ ಒಪ್ಪಂದಕ್ಕೆ ಸಹಿ ಹಾಕಬಾರದು.

ಭಾರತ ಸರ್ಕಾರ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯನ್ನು ಅಧಿಸೂಚಿಸಿದೆ. ರೈತರ ಬಳಿಗೆ ಬರುವ ಕಂಪನಿಗಳು ಹೆಚ್ಚಾಗಿ ಹೆಸರು ಹೇಳುವುದು ವೆರಾ, ಗೋಲ್ಡ್ ಸ್ಟ್ಯಾಂಡರ್ಡ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳದ್ದು. ಇವುಗಳ ನೋಂದಣಿ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಕಂಪನಿಯವರು ಬಂದಾಗ ಯೋಜನೆಯ ನೋಂದಣಿ ಸಂಖ್ಯೆ ಕೇಳಿ, ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಅದನ್ನು ತೆರೆದು ನೋಡಿ. ಯೋಜನೆಯ ಗಡಿ, ವರ್ಷಗಳ ಸಂಖ್ಯೆ, ಈವರೆಗೆ ಸಿಕ್ಕ ಕ್ರೆಡಿಟ್ ಅಲ್ಲಿ ಇರುತ್ತದೆ. ಕನ್ನಡದಲ್ಲಿ ಒಪ್ಪಂದದ ಕರಡು ಕೇಳಿ, ಅದರಲ್ಲಿ ರೈತನ ಪಾಲು ನೂರಕ್ಕೆ ಎಷ್ಟು, ಆ ಪಾಲು ಖರ್ಚು ಕಳೆಯುವ ಮೊದಲಿನದೋ ಕಳೆದ ನಂತರದ್ದೋ, ಮರ ಒಣಗಿದರೆ ಯಾರ ನಷ್ಟ, ಅಣ್ಣತಮ್ಮಂದಿರು ಜಮೀನು ಭಾಗ ಮಾಡಿಕೊಂಡರೆ ಏನು, ಬ್ಯಾಂಕಿನ ಬೆಳೆಸಾಲಕ್ಕೆ ಅಡ್ಡಿಯಾಗುತ್ತದೆಯೇ ಎಂಬುದು ಬರೆದಿದೆಯೇ ನೋಡಿ. ಇಷ್ಟಕ್ಕೂ ಉತ್ತರ ಬರುವ ತನಕ ಪಹಣಿ, ಆಧಾರ್ ನಕಲು ಮನೆಯ ಪೆಟ್ಟಿಗೆಯಲ್ಲೇ ಇರಲಿ.